ಬ್ಲ್ಯಾಂಕಿನಲ್ಲಿ ಕಂಡ ಎಣ್ಣೆ

ದೆವ್ವ, ಶಕುನ, ಸೂಚನೆ ಇವನ್ನೆಲ್ಲ ನಾನು ನಂಬಿದವನಲ್ಲ. ಅರಸೀಕೆರೆಯ ರೈಲ್ವೆ ಕ್ಯಾಂಟೀನಿನಲ್ಲಿ ನಮ್ಮಪ್ಪ ಕಾಫಿ ಸೋಸುತ್ತಿದ್ದ ಕಾಲದಲ್ಲಿ, ಪ್ಲಾಟ್‌ಫಾರ್ಮಿನ ತುದಿಯ ನೀರಿನ ಟ್ಯಾಂಕಿನ ಬಳಿ ಹೆಂಗಸೊಬ್ಬಳು ನಿಲ್ಲುತ್ತಾಳೆ ಎಂದು ಪೋರ್ಟರುಗಳು ಹೇಳುತ್ತಿದ್ದರು. ಹಟಕ್ಕೆ ಬಿದ್ದು ಅಲ್ಲೇ ಹೋಗಿ ಮಲಗಿದ್ದೆ. ಸೊಳ್ಳೆಗಳನ್ನು ಬಿಟ್ಟರೆ ಯಾರೂ ಬರಲಿಲ್ಲ. ಆಮೇಲೆ ಯಾರಾದರೂ ಇಂಥ ಕತೆ ತೆಗೆದರೆ, ‘ನಿಮಗೆ ನಿದ್ದೆ ಕಡಿಮೆಯಾಗಿದೆ’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಿಮಗೂ ನನ್ನ ಬಾಯಿ ಮುಚ್ಚಿಸಬೇಕು ಎನಿಸಿದರೆ ತಪ್ಪು ತಿಳಿಯುವುದಿಲ್ಲ. ಒಂದೇ ವಿನಂತಿ, ಪೂರ್ತಿ ಓದಿ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಅಕ್ಕನ ಗಂಡ ಕಲೋನ್‌ನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದರು. ಅವರ ಬೆನ್ನು ಹಿಡಿದು ಜರ್ಮನಿಗೆ ಬಂದೆ. ರೈನ್ ನದಿಯ ದಡದಲ್ಲಿ, ಕಾರ್ಖಾನೆಗಳ ಸಾಲಿನಲ್ಲಿದ್ದ ಒಂದು ಖಾಸಗಿ ಪರೀಕ್ಷಾಲಯದಲ್ಲಿ ಸೀಸೆ ತೊಳೆಯುವ ಕೆಲಸ ಸಿಕ್ಕಿತು. ಅದರ ಹೆಸರು ಹೇಳುವುದಿಲ್ಲ. ಇಲ್ಲಿ ಬರುವ ತಪ್ಪು ಅದರದ್ದಲ್ಲ, ನನ್ನದು. ಸೀಸೆ ತೊಳೆಯುತ್ತ ತೊಳೆಯುತ್ತ ಸ್ಯಾಂಪಲ್ ತಯಾರಿಸುವುದನ್ನು ಕಲಿತೆ. ರೆಂಟೆ, ಅಂದರೆ ಇಲ್ಲಿನ ಪಿಂಚಣಿ, ಬರುವವರೆಗೂ ಅದೇ ಕೆಲಸ.

ನಮ್ಮಲ್ಲಿಗೆ ಬರುತ್ತಿದ್ದದ್ದು ತಿಳಿ ಪೆಟ್ರೋಲಲ್ಲ. ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಎಲ್ಲ ಬಟ್ಟಿಯಿಳಿಸಿ ತೆಗೆದ ಮೇಲೆ ತಳದಲ್ಲಿ ಉಳಿಯುವ ಚರಟ: ಡಾಂಬರು, ಹಡಗಿನ ಎಂಜಿನ್ನಿಗೆ ಹಾಕುವ ದಪ್ಪ ಕಪ್ಪು ಎಣ್ಣೆ, ಇಂಥವು. ಅದರಲ್ಲಿ ಏನೇನಿದೆ ಎಂದು ತಿಳಿಯಲು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವಿದೆ. ಎಣ್ಣೆಯ ಒಂದು ಚೂರನ್ನು ದ್ರಾವಕದಲ್ಲಿ ಕರಗಿಸಿ, ಕಣ್ಣಿಗೆ ಬಣ್ಣವೇ ಕಾಣದಷ್ಟು ತೆಳುಮಾಡಿ, ಕೂದಲಿನಂಥ ಕೊಳವೆಯಲ್ಲಿ ಯಂತ್ರಕ್ಕೆ ಊಡುತ್ತೇವೆ. ಒಳಗೆ ಅದರ ಕಣಗಳು ವಿದ್ಯುತ್ ಹೊತ್ತು ಹಾರುತ್ತವೆ, ಯಂತ್ರ ಒಂದೊಂದರ ತೂಕ ಹೇಳುತ್ತದೆ. ಪರದೆಯ ಮೇಲೆ ಒತ್ತೊತ್ತಾಗಿ ಸಾವಿರಾರು ಗೆರೆಗಳು ಏಳುತ್ತವೆ, ಬಾಚಣಿಗೆಯ ಹಲ್ಲಿನ ಹಾಗೆ, ತೂಕದಲ್ಲಿ ಹದಿನಾಲ್ಕು ಹದಿನಾಲ್ಕರ ಅಂತರದಲ್ಲಿ. ದೂರದಿಂದ ನೋಡಿದರೆ ಒಂದು ಗುಡ್ಡ. ಪ್ರತಿ ಎಣ್ಣೆಯ ಗುಡ್ಡವೂ ಬೇರೆ. ಅದನ್ನು ಓದಿ ಅರ್ಥ ಹೇಳುವುದು ಡಾಕ್ಟರೇಟ್ ಮಾಡಿದವರ ಕೆಲಸ. ಊಡಿಸುವುದು ನನ್ನ ಕೆಲಸ.

ಎರಡು ಸ್ಯಾಂಪಲ್‌ಗಳ ನಡುವೆ ಬ್ಲ್ಯಾಂಕ್ ಹಾಯಿಸಬೇಕು. ಬ್ಲ್ಯಾಂಕ್ ಎಂದರೆ ಬರೀ ದ್ರಾವಕ, ಎಣ್ಣೆಯಿಲ್ಲದ್ದು. ಭಾರದ ಎಣ್ಣೆ ಜಿಗುಟು. ಕೊಳವೆಯ ಗೋಡೆಗೆ ಹತ್ತಿಕೊಂಡು ಮುಂದಿನವರ ಲೆಕ್ಕದಲ್ಲಿ ಬಂದುಬಿಡುತ್ತದೆ. ಬ್ಲ್ಯಾಂಕಿನಲ್ಲಿ ಗುಡ್ಡ ಕಂಡರೆ ಯಂತ್ರ ಕೊಳಕಾಗಿದೆ ಎಂದರ್ಥ, ಮತ್ತೆ ತೊಳೆಯಬೇಕು. ಪರದೆ ಬರಿದಾಗಿದ್ದರೆ ಮಾತ್ರ ಮುಂದಿನದು. ಇಷ್ಟು ಗೊತ್ತಿದ್ದರೆ ನಿಮಗೆ ಸಾಕು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬಹಳ ವರ್ಷಗಳ ಹಿಂದಿನ ಒಂದು ನವೆಂಬರ್. ಹಡಗೊಂದರ ಎಂಜಿನ್ನು ನಡುಸಮುದ್ರದಲ್ಲಿ ಕಚ್ಚಿಕೊಂಡು ನಿಂತಿತ್ತು. ಎಣ್ಣೆಯಲ್ಲೇ ಏನೋ ಕಲಬೆರಕೆಯಿದೆ ಎಂದು ಹಡಗಿನ ಎಂಜಿನಿಯರು. ಎಣ್ಣೆ ಸರಿಯಿದೆ, ನೋಡಿಕೊಳ್ಳಲು ಬಾರದೆ ಇವನೇ ಎಂಜಿನ್ನು ಹಾಳುಮಾಡಿದ ಎಂದು ಎಣ್ಣೆ ಮಾರಿದವರು. ಮೊಹರು ಹಾಕಿದ ಬಾಟಲಿ ನಮ್ಮಲ್ಲಿಗೆ ಬಂತು. ಅಂಥ ಬಾಟಲಿಯ ಮೊಹರನ್ನು ಎರಡೂ ಕಡೆಯವರ ಎದುರಿನಲ್ಲೇ ಒಡೆಯಬೇಕು. ಹಡಗಿನ ಕಡೆಯಿಂದ ಆ ಎಂಜಿನಿಯರೇ ಬಂದಿದ್ದರು. ನಾಯಕ್ ಎಂದು ಹೆಸರು.

ಅಂದು ಬೆಳಿಗ್ಗೆ ಬಿಸಿ ಪೆಟ್ಟಿಗೆಯಿಂದ ಬಾಟಲಿ ತೆಗೆಯುವಾಗ ನನ್ನ ಬೆರಳು ಸುಟ್ಟಿತು. “ಅಯ್ಯೋ ಶಿವನೇ” ಎಂದೆ.

“ಶಿವನ್ನ ಕರ್ದವ್ರು ಯಾರು ಇಲ್ಲಿ?” ಎಂದು ಬಾಗಿಲಿನ ಕಡೆಯಿಂದ ಕನ್ನಡ ಕೇಳಿಸಿತು. “ಕರೀರಿ ಕರೀರಿ. ನಂಗೂ ಇವತ್ತು ಅವ್ನೇ ಬೇಕು ಮಾರಾಯ್ರೆ.”

ನಾಯಕ್ ಅಂಕೋಲೆಯ ಹತ್ತಿರದ ಬೇಲೇಕೇರಿಯವರು. ತಂದೆ ಮೀನುಗಾರಿಕೆಯ ದೋಣಿಗಳ ಎಂಜಿನ್ ರಿಪೇರಿ ಮಾಡುವವರು. ಕಾಫಿ ಯಂತ್ರದ ಬಳಿ ನಿಂತು ಎಲ್ಲ ಹೇಳಿಕೊಂಡರು. “ಅಪ್ಪಂಗೆ ಫೋನ್ ಮಾಡಿ ಎಣ್ಣೆ ಸರಿಯಿಲ್ಲ ಅಂದೆ. ಕೈ ಸರಿಯಿದ್ರೆ ಎಂಜಿನ್ ಸಾಯೂದಿಲ್ಲ ಅಂದ್ರು. ಕಂಪ್ನಿ ಹೇಳೂದು ಬಿಡಿ, ಅಪ್ಪನೇ ನಂಬ್ಲಿಲ್ಲ. ಫಿಲ್ಟರ್ ಬಿಚ್ಚಿದ್ರೆ ಒಳಗೆ ಅಂಟು, ಹೀಗೆ ಎಳೆ ಎಳೆ. ವಾಸನೆ ಎಂತದ್ದು ಗೊತ್ತುಂಟಾ? ಧೂಪ! ದೇವಸ್ಥಾನದಲ್ಲಿ ರಾಳ ಹಾಕ್ತಾರಲ್ಲ, ಹಾಗೆ. ಎಣ್ಣೆಗೆ ಎಂತಕ್ಕೆ ಧೂಪದ ವಾಸನೆ ಬರ್ಬೇಕು ಹೇಳಿ?”

ಆ ಅಂಟನ್ನು ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟುಕೊಂಡಿದ್ದರಂತೆ. ಮೊಹರಿಲ್ಲದ್ದನ್ನು ಯಾವ ಪರೀಕ್ಷಾಲಯವೂ ಮುಟ್ಟುವುದಿಲ್ಲ. ಹಾಗಾಗಿ ಅವರ ಮಾನ, ಕೆಲಸ ಎಲ್ಲ ನನ್ನ ಕೈಯಲ್ಲಿದ್ದ ಆ ಒಂದು ಬಾಟಲಿಯ ಮೇಲೆ ನಿಂತಿತ್ತು.

ದಪ್ಪ ಎಣ್ಣೆಯ ಕ್ರಮ ಹೀಗೆ: ಚೆನ್ನಾಗಿ ಬಿಸಿ ಮಾಡಿ ಹರಿಯುವ ಹಾಗಾದ ಮೇಲೆ ಗಾಜಿನ ಕೋಲಿನಿಂದ ತಳ ಮುಟ್ಟಿ ಕಲಕಬೇಕು, ಮುಚ್ಚಳ ಹಾಕಿ ಜೋರಾಗಿ ಅಲುಗಾಡಿಸಬೇಕು, ಕೂಡಲೇ ಒಂದಿಷ್ಟು ತೆಗೆಯಬೇಕು. ಇಲ್ಲದಿದ್ದರೆ ಭಾರದ್ದೆಲ್ಲ ತಳದಲ್ಲೇ ಉಳಿಯುತ್ತದೆ. ಅಂದು ಮೊಹರು ಒಡೆಯುವುದು, ಫೋಟೋ ತೆಗೆಯುವುದು, ಇಬ್ಬರೂ ಸಹಿ ಹಾಕುವುದು ಮುಗಿಯುವಷ್ಟರಲ್ಲಿ ಎಣ್ಣೆ ಆರಿ ತಳದಲ್ಲಿ ಗಟ್ಟಿಯಾಗಿತ್ತು. ಮುಖ್ಯಸ್ಥರು ಬಂದವರನ್ನು ಆಫೀಸಿಗೆ ಕರೆದೊಯ್ದರು. ನಾನೊಬ್ಬನೇ ಉಳಿದೆ. ಮತ್ತೆ ಬಿಸಿ ಮಾಡಲು ಗಂಟೆಗಟ್ಟಲೆ ಬೇಕು. ಶುಕ್ರವಾರ. ಮರುದಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಬಿಸಿಬೇಳೆ ಬಾತು ನನ್ನ ಪಾಲಿನದು. ಹಾಲ್‌ನಲ್ಲಿ ಕೊಳದಪ್ಪಲೆ ಕಾಯುತ್ತಿತ್ತು, ಬೇಳೆ ನೆನೆಹಾಕಬೇಕಿತ್ತು, ಹೆಂಡತಿ ಶಾರದಾ ಅದಾಗಲೇ ಎರಡು ಸಲ ಫೋನ್ ಮಾಡಿದ್ದಳು. ಕೋಲಿನಿಂದ ಮೇಲೆ ಮೇಲೆ ಸ್ವಲ್ಪ ಕದಡಿದೆ. ಮೇಲಿನ ತೆಳು ಎಣ್ಣೆಯನ್ನು ತೆಗೆದೆ, ಕರಗಿಸಿದೆ, ಯಂತ್ರಕ್ಕೆ ಇಟ್ಟು ಹೊರಟೆ. ದುರುದ್ದೇಶವೇನೂ ಇರಲಿಲ್ಲ. ದಣಿದಿದ್ದೆ, ಅವಸರವಿತ್ತು. ಅಷ್ಟೆ.

ಹೊರಡುವಾಗ ನಾಯಕರನ್ನೂ ಊಟಕ್ಕೆ ಕರೆದೆ. ಭಾನುವಾರದವರೆಗೆ ಅವರಿಗೆ ವಿಮಾನವಿರಲಿಲ್ಲ. ಶನಿವಾರ ಬಂದರು. ಮಕ್ಕಳ ನೃತ್ಯವಾಯಿತು, ಭಾಷಣವಾಯಿತು, ಜನ ತಟ್ಟೆ ಹಿಡಿದು ಸಾಲಾಗಿ ನಿಂತರು. ನಾನು ಸೌಟು ಹಿಡಿದು ನಿಂತಿದ್ದೆ.

“ನಿನ್ನೆ ಬಾಟ್ಲಿ, ಇವತ್ತು ಸೌಟು,” ಎಂದರು ನಾಯಕ್, ತಟ್ಟೆ ಚಾಚಿ. “ಕಪ್ಪೆಣ್ಣೆಗೂ ನೀವೇ, ಬಾತಿಗೂ ನೀವೇ. ಎರಡಕ್ಕೂ ಬೇರೆ ಬೇರೆ ಸೌಟು ಉಂಟಲ್ಲ ಭಟ್ರೆ?”

“ತಿಂದು ನೋಡಿ, ಗೊತ್ತಾಗುತ್ತೆ,” ಎಂದೆ. ಸಾಲಿನಲ್ಲಿದ್ದವರು ನಕ್ಕರು. ಅವರ ಕಡೆ ಅಡುಗೆಯವರಿಗೆ ಭಟ್ರು ಎನ್ನುತ್ತಾರೆ, ಅಂದಿನಿಂದ ಅವರಿಗೆ ನಾನು ಭಟ್ರು.

“ತಳದಿಂದ ಹಾಕಿ ಮಾರಾಯ್ರೆ. ಮೇಲಿದ್ದದ್ದು ಬರೀ ತಿಳಿ. ಬೇಳೆ, ತರಕಾರಿ ಎಲ್ಲ ಕೆಳಗೆ ಕೂತಿದೆ.” ತಳದಿಂದ ಎತ್ತಿ ಬಡಿಸಿದೆ. ಅವರು ಮುಂದೆ ಹೋಗಲಿಲ್ಲ. ಸ್ವಲ್ಪ ಬಾಗಿ ಮೆಲ್ಲಗೆ ಕೇಳಿದರು: “ನಿನ್ನೆ ಬಾಟ್ಲಿನೂ ಹೀಗೆ ತಳದಿಂದ ಕಲಕಿದ್ರಿ ಅಲ್ದಾ?”

“ಹೂಂ. ಚೆನ್ನಾಗಿ ಕಲಕಿದ್ದೀನಿ,” ಎಂದೆ.

ಅವರು ತಲೆಯಾಡಿಸಿ ಹೋಗಿ ಕೂತು ತೃಪ್ತಿಯಿಂದ ಉಂಡರು. ಎರಡನೆಯ ಸಲವೂ ಹಾಕಿಸಿಕೊಂಡರು.

ಸೋಮವಾರ ಸರಿಮಾಡಬಹುದಿತ್ತು. ಮಾಡಲಿಲ್ಲ. ಯಂತ್ರದಲ್ಲಿ ಗುಡ್ಡ ಸೊಗಸಾಗಿ ಬಂದಿತ್ತು, ಅನ್ಯವಸ್ತು ಏನೂ ಇಲ್ಲ. ಎಣ್ಣೆ ನಿರ್ದೋಷಿ ಎಂದು ವರದಿ ಹೋಯಿತು. ಕೆಲವು ವಾರಗಳ ನಂತರ ನಾಯಕ್ ನನ್ನ ಮೊಬೈಲಿಗೇ ಫೋನ್ ಮಾಡಿದರು. ದನಿಯಲ್ಲಿ ಹಿಂದಿನ ತಮಾಷೆ ಇರಲಿಲ್ಲ. ಕೆಲಸ ಹೋಗಿತ್ತು. “ಆ ಬಾಟ್ಲಿ ಇನ್ನೂ ಉಂಟಾ? ಇನ್ನೊಂದ್ಸಲ ಪರೀಕ್ಷೆಗೆ ನಾನೇ ಬರ್ದು ಕೇಳ್ತೇನೆ. ಉಂಟು ಅಂತ ಹೇಳಿ, ಸಾಕು.”

ನಾನು ಮಾತಾಡುತ್ತಿದ್ದದ್ದು ಸ್ಯಾಂಪಲ್ ಕೋಣೆಯ ಬಾಗಿಲಲ್ಲಿ ನಿಂತು. ಬಾಟಲಿ ಎದುರಿನ ಕಪಾಟಿನಲ್ಲಿತ್ತು, ನನ್ನ ಕೈಬರಹದ ಚೀಟಿಯ ಸಮೇತ. ಮತ್ತೆ ಪರೀಕ್ಷಿಸಿದರೆ ಮೊದಲನೆಯದು ತಪ್ಪೆಂದು ಗೊತ್ತಾಗುತ್ತದೆ. ಯಾರು ತಯಾರಿಸಿದ್ದು ಎಂಬ ಪ್ರಶ್ನೆ ಬರುತ್ತದೆ. ಹೈಸ್ಕೂಲು ಓದಿದವನಿಗೆ ಇಂಥ ಕೆಲಸ ಇನ್ನೊಂದು ಕಡೆ ಸಿಗುವುದಿಲ್ಲ. “ಇಲ್ಲ ನಾಯಕ್ರೇ, ವಿಲೇವಾರಿ ಮಾಡಿಬಿಟ್ರು,” ಎಂದೆ. ಅವಧಿ ಮುಗಿದ ಮೇಲೆ ಅದನ್ನು ನಿಜವಾಗಿ ವಿಲೇವಾರಿ ಮಾಡಿದವನೂ ನಾನೇ. ಆಗ ಬಾಟಲಿ ಓರೆಮಾಡಿ ನೋಡಿದ್ದೆ. ತಳದಲ್ಲಿ ಬೆರಳುದ್ದದ ಗಟ್ಟಿ ಪದರ ಅಲುಗದೆ ಕೂತಿತ್ತು.

ಇದನ್ನು ಶಾರದಾಳಿಗೂ ಹೇಳಲಿಲ್ಲ. ವರ್ಷಗಳು ಹೋದವು. ಮರೆತೆ ಎಂದರೆ ಸುಳ್ಳು, ನೆನಪಿಟ್ಟಿದ್ದೆ ಎಂದರೂ ಸುಳ್ಳು. ಆಯಾಸವೆನ್ನುವುದು ಎಲ್ಲದರ ಮೇಲೂ ಕೂರುತ್ತದೆ. ಮಂಡಿನೋವು, ಎಸ್-ಬಾನಿನ ರದ್ದಾದ ಲೋಕಲ್ ರೈಲುಗಳು, ಚಳಿಗಾಲದ ಕತ್ತಲೆ. ಪರೀಕ್ಷಾಲಯ ಪಕ್ಕದ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯ ಯಂತ್ರ ಗುಜರಿಗೆ ಹೋಗಿ ಹೊಸದು ಬಂತು. ಮೇಜು, ಕಪಾಟು, ಕೊಳವೆ, ಸಿರಿಂಜು ಎಲ್ಲ ಹೊಸವು. ಆ ಕಾಲದ್ದೆಂದು ಉಳಿದದ್ದು ನಾನೊಬ್ಬನೇ.

ಹೊಸ ಯಂತ್ರದ ಉಸ್ತುವಾರಿ ಮೇಘನಾ ಎಂಬ ಹುಡುಗಿಯದು. ಮೈಸೂರಿನವಳು, ಇಲ್ಲೇ ಡಾಕ್ಟರೇಟ್ ಮಾಡಿದವಳು. ನನ್ನನ್ನು ಅಂಕಲ್ ಎನ್ನುತ್ತಿದ್ದಳು. ನನ್ನ ರೆಂಟೆಗೆ ಇನ್ನು ಸ್ವಲ್ಪ ದಿನವಿದ್ದಾಗ, ದೀಪಾವಳಿ ಕಳೆದು ಒಂದು ವಾರವಾಗಿರಬಹುದು, ಒಂದು ಸಂಜೆ ಈ ಘಟನೆ ನಡೆಯಿತು. ಸಂಜೆಯೆಂದರೆ ಇಲ್ಲಿ ಆ ತಿಂಗಳಲ್ಲಿ ಟೀ ಹೊತ್ತಿಗೇ ಕತ್ತಲು. ಅಂದು ಒಂದೂ ಎಣ್ಣೆಯನ್ನು ಹಾಯಿಸಿರಲಿಲ್ಲ. ಯಂತ್ರ ತೊಳೆದು ಮರುದಿನಕ್ಕೆ ಸಿದ್ಧ ಮಾಡುವುದಿತ್ತು. ನಾನು ಹೊಸ ಸೀಸೆಯಿಂದ ದ್ರಾವಕ ತೆಗೆದು ಬ್ಲ್ಯಾಂಕ್ ಹಾಯಿಸಿದೆ.

“ಅಂಕಲ್, ಬ್ಲ್ಯಾಂಕ್ ಅಂದೆ. ಸ್ಯಾಂಪಲ್ ಅಲ್ಲ,” ಎಂದಳು ಮೇಘನಾ.

“ಬ್ಲ್ಯಾಂಕೇ ಹಾಕಿದ್ದು.”

“ಹಾಗಾದ್ರೆ ಇದೇನು ಚಾಮುಂಡಿ ಬೆಟ್ಟನಾ?”

ನೋಡಿದೆ. ಪರದೆಯ ತುಂಬ ಗುಡ್ಡ. ಕಸುವುಳ್ಳ, ತುಂಬಿದ ಗುಡ್ಡ. ಕೊಳವೆಯಲ್ಲಿ ಉಳಿದ ಚೂರುಪಾರಿನಿಂದ ಬರುವಂಥದ್ದಲ್ಲ. ಕೊಳವೆ ಬದಲಿಸಿದೆವು. ಅವಳೇ ಒಂದು ಬ್ಲ್ಯಾಂಕ್ ಮಾಡಿ ಹಾಯಿಸಿದಳು. ಪರದೆ ಖಾಲಿ. “ನೋಡಿ, ಸಿಸ್ಟಮ್ ಕ್ಲೀನ್ ಇದೆ. ನಿಮ್ಮ ಸಿರಿಂಜ್ ಗಲೀಜಾಗಿರ್ಬೇಕು.” ಪೊಟ್ಟಣದಿಂದ ಹೊಸ ಸಿರಿಂಜು ಒಡೆದೆ. ಹೊಸ ಕೈಗವಸು. ಅವಳು ಉಪಯೋಗಿಸಿದ ಅದೇ ಸೀಸೆಯಿಂದ ದ್ರಾವಕ. ಮತ್ತೆ ಗುಡ್ಡ. ಅವಳು ಮಾಡಿದಳು, ಖಾಲಿ. ನಾನು ಮಾಡಿದೆ, ಗುಡ್ಡ.

“ಅಂಕಲ್, ಕೈಯಲ್ಲೇ ಎಣ್ಣೆ ಬಾವಿ ತೋಡಿಸ್ಕೊಂಡಿದೀರಾ? ಪಾರ್ಟ್‌ನರ್‌ಶಿಪ್ ಕೊಡಿ, ನಾನೂ ರಿಸೈನ್ ಮಾಡ್ತೀನಿ.”

ನಗಲು ನೋಡಿದೆ. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಬಂದೆ. ಈ ಸಲ ಅವಳು ನನ್ನ ಪಕ್ಕದಲ್ಲೇ ನಿಂತು, ಸೀಸೆಯಿಂದ ಸಿರಿಂಜಿಗೆ, ಸಿರಿಂಜಿನಿಂದ ಯಂತ್ರಕ್ಕೆ ಹೋಗುವುದನ್ನು ಕಣ್ಣಿಟ್ಟು ನೋಡಿದಳು. ನೀರಿನಂತೆ ತಿಳಿಯಾಗಿದ್ದ ದ್ರಾವಕ. ಪರದೆಯಲ್ಲಿ ಅದೇ ಗುಡ್ಡ.

ಅವಳ ತಮಾಷೆ ನಿಂತಿತು. ಹೆದರಿದಳೆಂದಲ್ಲ, ಆಸಕ್ತಿ ಹುಟ್ಟಿತು. ಅಳತೆಯೆಲ್ಲ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಹಳೆಯ ಯಂತ್ರದವೂ ಸೇರಿ. ಈ ಗುಡ್ಡಕ್ಕೆ ಹೊಂದುವ ಎಣ್ಣೆ ಹಿಂದೆಂದಾದರೂ ಬಂದಿತ್ತೇ ಎಂದು ಹುಡುಕಲು ಕೊಟ್ಟಳು. ನಾನು ಸ್ಟೂಲಿನ ಮೇಲೆ ಕೂತೆ. ಮಂಡಿ ನೋಯುತ್ತಿತ್ತು. ನಿಮಗೆ ಸತ್ಯ ಹೇಳುತ್ತೇನೆ, ಉತ್ತರ ಬರುವ ಮೊದಲೇ ನನಗೆ ಗೊತ್ತಿತ್ತು.

“ಸಿಕ್ತು,” ಎಂದಳು. “ಎಷ್ಟೋ ವರ್ಷದ ಹಿಂದಿನ ಹಡಗಿನ ಎಣ್ಣೆ. ಯಾವುದೋ ಡಿಸ್ಪ್ಯೂಟ್ ಕೇಸು. ಹಲ್ಲಿಗೆ ಹಲ್ಲು ಕೂಡುತ್ತೆ. ಆದ್ರೆ ಅಂಕಲ್, ಇಲ್ಲಿ ನೋಡಿ. ಇವತ್ತಿನದರಲ್ಲಿ ಒಂದು ಎಕ್ಸ್‌ಟ್ರಾ ಗುಂಪಿದೆ. ಹಳೇದರಲ್ಲಿ ಇದು ಇಲ್ವೇ ಇಲ್ಲ.”

“ಏನದು?” ಎಂದು ಕೇಳಿದೆ.

“ಪೆಟ್ರೋಲಿಯಂ ಅಲ್ಲ. ಆಸಿಡ್‌ಗಳು. ಪೈನ್ ಮರದ್ದು ಅನ್ಸುತ್ತೆ, ಕಾಗದದ ಕಾರ್ಖಾನೆಯ ವೇಸ್ಟ್ ಇರ್ಬಹುದು. ಕನ್ನಡದಲ್ಲಿ ಏನಂತಾರೆ? ನಮ್ಮಜ್ಜಿ ಧೂಪಕ್ಕೆ ಹಾಕ್ತಿದ್ರಲ್ಲ...”

“ರಾಳ,” ಎಂದೆ.

“ಹಾಂ, ರಾಳ.”

ಧೂಪದ ವಾಸನೆಯ ವಿಷಯವನ್ನು ನಾಯಕ್ ಹೇಳಿದ್ದು ಕಾಫಿ ಯಂತ್ರದ ಬಳಿ, ನನಗೊಬ್ಬನಿಗೆ, ಕನ್ನಡದಲ್ಲಿ. ಆಗ ಮೇಘನಾ ಶಾಲೆಯಲ್ಲಿ ಓದುತ್ತಿದ್ದಿರಬೇಕು. ಮತ್ತೆ, ಪರದೆಯ ಮೇಲಿದ್ದದ್ದು ನಾನು ಅಂದು ಯಂತ್ರಕ್ಕೆ ಕೊಟ್ಟ ಎಣ್ಣೆಯಲ್ಲ. ಕೊಡದೆ ತಳದಲ್ಲಿ ಬಿಟ್ಟದ್ದೂ ಸೇರಿದ ಪೂರ್ತಿ ಎಣ್ಣೆ. ಆ ತಳ ಯಾವ ಯಂತ್ರದೊಳಕ್ಕೂ ಎಂದೂ ಹೋಗಿರಲಿಲ್ಲ. ವಿಲೇವಾರಿಗೆ ಹೋದ ಅದು ಸುಟ್ಟು ಬೂದಿಯಾಗಿ ವರ್ಷಗಳಾಗಿದ್ದವು.

“ತುಂಬಾ ಸುಸ್ತಾದ ಹಾಗೆ ಕಾಣ್ತೀರಿ. ಮನೆಗೆ ಹೋಗಿ,” ಎಂದಳು ಮೇಘನಾ. ಅವಳು ಎಂದಿನಂತೆ ಆ ಅಳತೆಗಳ ಮುಂದೆ ‘ಅಸಿಂಧು’ ಎಂದು ಗುರುತು ಹಾಕಿದಳು. ಬ್ಲ್ಯಾಂಕಿನಲ್ಲಿ ಏನಾದರೂ ಕಂಡರೆ ನಿಯಮದ ಪ್ರಕಾರ ಅದಕ್ಕೆ ಬೆಲೆಯಿಲ್ಲ.

ಮರುದಿನ ಬೆಳಿಗ್ಗೆ ಅವಳು ಬರುವ ಮೊದಲೇ ಹೋಗಿ ಒಂದು ಬ್ಲ್ಯಾಂಕ್ ಹಾಯಿಸಿದೆ. ಖಾಲಿ. ಇನ್ನೊಂದು. ಅದೂ ಖಾಲಿ. ಅವಳು ಬಂದು ನೋಡಿ, “ನೋಡಿದ್ರಾ? ಏನೋ ಕಂಟ್ಯಾಮಿನೇಶನ್. ನಿನ್ನೆ ಸುಮ್ನೆ ತಲೆ ಕೆಡಿಸ್ಕೊಂಡ್ವಿ,” ಎಂದಳು.

ಇಲ್ಲಿ ಓದುಗರು ಒಂದು ವಿಷಯ ಗಮನಿಸಬೇಕು. ನಾನಿನ್ನೂ ಯಾರಿಗೂ ಏನೂ ಹೇಳಿರಲಿಲ್ಲ. ತಪ್ಪೊಪ್ಪಿಕೊಂಡ ಮೇಲೆ ಗುಡ್ಡ ಮಾಯವಾಯಿತು ಎಂದು ಬರೆದಿದ್ದರೆ ಕತೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಅದು ಬಂತು, ಹೋಯಿತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಮತ್ತೊಮ್ಮೆ ಸುಮ್ಮನಿದ್ದುಬಿಡುವ ಅವಕಾಶವನ್ನು ಯಾರೋ ನನ್ನ ಮುಂದೆ ಇಟ್ಟು ಹೋದ ಹಾಗಿತ್ತು. ಅದನ್ನು ತೆಗೆದುಕೊಳ್ಳಲು ನನಗೆ ತ್ರಾಣ ಉಳಿದಿರಲಿಲ್ಲ. ಧೈರ್ಯ ಬಂತು ಎನ್ನಲಾರೆ. ಬಚ್ಚಿಟ್ಟುಕೊಂಡು ಸುಸ್ತಾಗಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ಮೇಘನಾಳಿಗೆ ಎಲ್ಲ ಹೇಳಿದೆ. ಚಪಾತಿ ಸುರುಳಿ ಕೈಯಲ್ಲೇ ಹಿಡಿದು ಕೇಳಿದಳು. ಅದನ್ನು ಡಬ್ಬಿಗೆ ವಾಪಸಿಟ್ಟು, “ಅಂಕಲ್, ಇದನ್ನ ನನಗ್ಯಾಕೆ ಹೇಳ್ತಿದೀರಿ?” ಎಂದಳು. ಕೋಪವಿರಲಿಲ್ಲ. ಆದರೆ ಆ ದಿನದಿಂದ ಅವಳು ನಾನು ತಯಾರಿಸಿದ ಸ್ಯಾಂಪಲ್‌ಗಳನ್ನು ಒಮ್ಮೆ ತಾನೇ ಎತ್ತಿ ಅಲುಗಾಡಿಸಿ ನೋಡುತ್ತಿದ್ದಳು. ಅದು ಸರಿಯೇ.

ನಾಯಕರ ನಂಬರು ನನ್ನ ಮೊಬೈಲಿನಲ್ಲಿತ್ತು. ಮೊಬೈಲು ಬದಲಿಸಿದಾಗಲೆಲ್ಲ ಅದೂ ಜೊತೆಗೆ ಬಂದಿತ್ತು. ಶನಿವಾರ ಅಡುಗೆಮನೆಯ ಬಾಗಿಲು ಹಾಕಿಕೊಂಡು ಫೋನ್ ಮಾಡಿದೆ. ಆ ಕಡೆ ಹಿಂದೆಲ್ಲೋ ಡೀಸೆಲ್ ಎಂಜಿನ್ನು ಡಬಡಬ ಹೊಡೆದುಕೊಳ್ಳುತ್ತಿತ್ತು.

“ಯಾರು?”

“ನಾನು... ಕಲೋನ್‌ನಿಂದ. ಅವತ್ತು ಬಿಸಿಬೇಳೆ ಬಾತು ಬಡಿಸಿದ್ದೆ...”

“ಓ! ಭಟ್ರು!” ಆ ದನಿಯಲ್ಲಿದ್ದ ಸಂತೋಷವನ್ನು ನಾನು ಎಂದೂ ಮರೆಯಲಾರೆ. “ಎಂತ ಮಾರಾಯ್ರೆ, ಇಷ್ಟು ವರ್ಷದ ಮೇಲೆ! ಇನ್ನೂ ಸೌಟು ಹಿಡೀತೀರಾ? ನಮ್ಮನೇಲಿ ನಿಮ್ಮ ಬಾತಿನ ಸುದ್ದಿ ಹೇಳಿ ಹೇಳಿ ಹೆಂಡ್ತಿ ಹತ್ರ ಬೈಸ್ಕೊಂಡಿದ್ದೇನೆ.” ಅವರೀಗ ಊರಿನ ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದರು, ತಂದೆಯ ಹಾಗೆ.

ಹೇಳಿದೆ. ಎಣ್ಣೆ ಆರಿದ್ದು, ಮೇಲಿನದನ್ನು ತೆಗೆದದ್ದು, ಸೌಟು ಹಿಡಿದು ‘ಹೂಂ’ ಎಂದದ್ದು. ನಡುವೆ ಎಂಜಿನ್ನಿನ ಸದ್ದು ನಿಂತಿತು. ಅವರೇ ಬಂದ್ ಮಾಡಿರಬೇಕು.

“ನಾನು ಫೋನ್ ಮಾಡ್ದಾಗ ಬಾಟ್ಲಿ ಇತ್ತಾ?”

“ಇತ್ತು. ನನ್ನ ಕಣ್ಣೆದುರೇ ಇತ್ತು.”

ದೂರದಲ್ಲಿ ಯಾರೋ ಬಲೆಯ ವಿಷಯಕ್ಕೆ ಜಗಳವಾಡುತ್ತಿದ್ದರು.

“ಅಪ್ಪ ಹೋದ ಮಳೆಗಾಲ ತೀರ್ಕೊಂಡ್ರು,” ಎಂದರು ಕೊನೆಗೆ. “ಆಸ್ಪತ್ರೇಲಿ ಮಲಗಿದ್ದಾಗ್ಲೂ ಹೇಳಿದ್ರು. ಎಂಜಿನ್ ಬಿಚ್ಚೂವಾಗ ಗಡಿಬಿಡಿ ಮಾಡ್ಬೇಡ, ಒಂದ್ಸಲ ಆದದ್ದು ಸಾಕು ಅಂತ.”

ಕ್ಷಮಿಸಿ ಎಂಬ ಮಾತನ್ನು ಮೊದಲೇ ಆಡಿಯಾಗಿತ್ತು. ಮತ್ತೆ ಆಡಲು ನಾಚಿಕೆಯಾಯಿತು. ಆ ಹಾರ್ಲಿಕ್ಸ್ ಬಾಟಲಿಯ ಅಂಟು ಇನ್ನೂ ಇದ್ದರೆ ಕಳಿಸಿ, ಇಲ್ಲಿ ಮೇಘನಾಳ ಕೈಯಲ್ಲಿ ನೋಡಿಸುತ್ತೇನೆ, ಬರವಣಿಗೆಯಲ್ಲಿ ಕೊಡಿಸುತ್ತೇನೆ ಎಂದೆ.

ನಾಯಕ್ ನಕ್ಕರು. ಒಳ್ಳೆಯ ನಗುವಲ್ಲ. “ಅದಾ? ಮೊನ್ನೆ ದೀಪಾವಳಿಗೆ ಮನೆ ಕ್ಲೀನ್ ಮಾಡೂವಾಗ ಹೆಂಡ್ತಿ ತೆಗ್ದು ಹಾಕಿದ್ಲು. ಎಷ್ಟು ವರ್ಷ ಇದನ್ನ ಪೂಜೆ ಮಾಡ್ತೀರಿ ಅಂತ. ಸ್ನಾನದ ಹಂಡೆ ಒಲೆಗೆ ನಾನೇ ಹಾಕ್ದೆ. ಬರ‍್ರ್ ಅಂತ ಹತ್ಕೊಂಡ್ತು. ಕೇರಿಗೆಲ್ಲ ಧೂಪದ ವಾಸನೆ. ಯಾರ ಮನೇಲಿ ಹೋಮ ಅಂತ ಪಕ್ಕದ್ಮನೆಯವ್ರು ಕೇಳ್ಕೊಂಡು ಬಂದ್ರು.” ಸ್ವಲ್ಪ ತಡೆದು, “ಎರಡು ವಾರ ಮೊದ್ಲು ಫೋನ್ ಮಾಡಿದ್ರೆ ಇತ್ತು ಭಟ್ರೆ,” ಎಂದರು.

ಅದು ಒಲೆಗೆ ಬಿದ್ದ ದಿನಕ್ಕೂ ನನ್ನ ಬ್ಲ್ಯಾಂಕಿಗೂ ಎಷ್ಟು ಅಂತರ ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ. ಹಾಕಿದರೂ ಅದರಿಂದ ಏನು ಸಿದ್ಧವಾಗುತ್ತದೆ? ಬೇಲೇಕೇರಿಯ ಹಂಡೆ ಒಲೆಯಲ್ಲಿ ಸುಟ್ಟದ್ದು ರೈನ್ ದಡದ ಯಂತ್ರದಲ್ಲಿ ಏಳುವುದೆಂದರೆ ಅರ್ಥವಿಲ್ಲ. ಕೈಯ ಚರ್ಮದಲ್ಲಿ ಉಳಿದಿದ್ದ ಎಣ್ಣೆ ಎನ್ನೋಣವೆಂದರೆ, ಚರ್ಮ ಅಷ್ಟು ವರ್ಷ ಏನನ್ನೂ ಹಿಡಿದಿಡುವುದಿಲ್ಲ. ಹಿಡಿದಿಟ್ಟರೂ ನಾನು ಮುಟ್ಟದೇ ಬಿಟ್ಟದ್ದನ್ನು ಹೇಗೆ ಹಿಡಿದಿಟ್ಟೀತು? ಮೇಘನಾ ಈಗಲೂ ಕಂಟ್ಯಾಮಿನೇಶನ್ ಎನ್ನುತ್ತಾಳೆ. ಯಾವುದರಿಂದ ಎಂದು ಕೇಳಿದರೆ ಮಾತು ಬದಲಿಸುತ್ತಾಳೆ.

ಫೋನ್ ಇಡುವ ಮೊದಲು ನಾಯಕ್ ಕೇಳಿದರು: “ಇದನ್ನೆಲ್ಲ ಬರ್ದು ಕೊಡ್ತೀರಾ?”

“ಕೊಡ್ತೀನಿ. ಯಾರಿಗೆ ತೋರಿಸ್ತೀರಿ ಈಗ?”

“ಯಾರಿಗೂ ಇಲ್ಲ. ನಂಗೆ ಬೇಕು.”

ಬರೆದು, ಸಹಿ ಹಾಕಿ, ಒಂದು ಪ್ರತಿ ಅವರಿಗೆ, ಒಂದು ಪ್ರತಿ ಪರೀಕ್ಷಾಲಯದ ಮುಖ್ಯಸ್ಥರಿಗೆ ಕೊಟ್ಟೆ. ಮುಖ್ಯಸ್ಥರು ಓದಿ, ಕನ್ನಡಕ ತೆಗೆದು ಒರೆಸಿ, ಉಳಿದ ದಿನಗಳಿಗೆ ರಜೆ ಹಾಕಿ ಮನೆಯಲ್ಲೇ ಇರಿ ಎಂದರು. ಬೀಳ್ಕೊಡುಗೆಯ ಕೇಕು ಇರಲಿಲ್ಲ. ಶಾರದಾ ಎಲ್ಲ ಕೇಳಿದ ಮೇಲೆ, “ಅವತ್ತು ಫೋನ್ ಮಾಡಿ ಮಾಡಿ ಅವಸರ ಮಾಡಿದ್ದು ನಾನಲ್ವಾ,” ಎಂದು ಅತ್ತಳು. ಹಾಗಲ್ಲ ಎಂದು ಅವಳಿಗೆ ತಿಳಿಸಿ ಹೇಳುವುದೇ ಈಗ ನನ್ನ ಒಂದು ಕೆಲಸವಾಗಿದೆ.

ಪ್ರತಿ ವರ್ಷ ರಾಜ್ಯೋತ್ಸವದ ಶನಿವಾರ ನಾಯಕರ ಫೋನು ಬರುತ್ತದೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಯೋಗಕ್ಷೇಮದ ಮಾತೂ ಇಲ್ಲ. ಕೊಳದಪ್ಪಲೆಯ ಮುಂದೆ ಸೌಟು ಹಿಡಿದು ನಿಂತಿರುತ್ತೇನೆ, ಜನ ತಟ್ಟೆ ಹಿಡಿದು ಕಾಯುತ್ತಿರುತ್ತಾರೆ, ಅವರು ಒಂದೇ ಮಾತು ಕೇಳುತ್ತಾರೆ:

“ಭಟ್ರೆ, ತಳದಿಂದ ಕಲಕಿದ್ರಾ?”

“ತಡೀರಿ,” ಎನ್ನುತ್ತೇನೆ. ಫೋನನ್ನು ಪಕ್ಕಕ್ಕಿಟ್ಟು, ಎರಡೂ ಕೈಯಲ್ಲಿ ಸೌಟು ಹಿಡಿದು, ತಳ ಮುಟ್ಟುವವರೆಗೆ ಇಳಿಸಿ ಕಲಕುತ್ತೇನೆ. ಆಮೇಲೆ ಫೋನೆತ್ತಿ ಹೂಂ ಎನ್ನುತ್ತೇನೆ. ಅವರು ಅಷ್ಟು ಹೊತ್ತೂ ಕಾಯುತ್ತಿರುತ್ತಾರೆ.